ಥ್ಯಾಕರೆ ಎಂದರೆ ಜೊಂಡು ಬೆಳೆಯುವ ಮೂಲೆ

ಓದುಗರ ಪ್ರಶ್ನೆ: ನಮ್ಮದು ಬೈಲಹೊಂಗಲದ ಹತ್ತಿರದ ಹಳ್ಳಿ. ಚಿಕ್ಕಂದಿನಿಂದ ಕಿತ್ತೂರು ಉತ್ಸವಕ್ಕೆ ಹೋಗುತ್ತಿದ್ದೇನೆ. ರಾಣಿ ಚೆನ್ನಮ್ಮನ ಸೈನ್ಯದ ಗುಂಡಿಗೆ ಬಿದ್ದ ಕಲೆಕ್ಟರ್ ಥ್ಯಾಕರೆ ಮತ್ತು ಮುಂಬೈನ ಠಾಕರೆ ಮನೆತನ, ಎರಡೂ ಹೆಸರಿಗೆ ಇಂಗ್ಲಿಷಿನಲ್ಲಿ ಒಂದೇ ಸ್ಪೆಲಿಂಗ್ ಇದೆ. ಇದು ಹೇಗೆ? ‘ಠಾಕೂರ್’ ಎಂಬ ಪದವನ್ನು ಇಂಗ್ಲಿಷರು ತೆಗೆದುಕೊಂಡು ಹೋದರು ಎಂದು ಒಬ್ಬರು ಹೇಳಿದರು. ನಿಜವೇ? ಥ್ಯಾಕರೆ ಎಂದರೆ ಅರ್ಥವೇನು?

ಉತ್ತರ: ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಕಿತ್ತೂರಿನ ಕಥೆ ನಮಗೆಲ್ಲ ಬಾಯಿಪಾಠ. ಆದರೆ ಆ ಕಥೆಯೊಳಗಿನ ಈ ಹೆಸರು ಎಲ್ಲಿಂದ ಬಂತು ಅಂತ ಕೇಳುವವರು ಕಡಿಮೆ.

ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಥ್ಯಾಕರೆ ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಅಡ್ಡಹೆಸರು. ಅದು ಒಂದು ಜಾಗದ ಹೆಸರಿನಿಂದ ಬಂದದ್ದು. ಮನೆಯ ಮಾಡಿಗೆ ಹೊದಿಸುವ ಜೊಂಡು ಬೆಳೆಯುವ ಮೂಲೆ ಎಂಬುದು ಅದರ ಅರ್ಥ. ಠಾಕೂರಿಗೂ ಅದಕ್ಕೂ ಸಂಬಂಧ ಇಲ್ಲ. ಮುಂಬೈನ ಠಾಕರೆ ಬೇರೆ ಹೆಸರು, ಅದು ಮರಾಠಿಯದು. ಆ ಮನೆತನದವರು ಇಂಗ್ಲಿಷ್ ಸ್ಪೆಲಿಂಗನ್ನು ಮಾತ್ರ ಈ ಯಾರ್ಕ್‌ಶೈರಿನ ಹೆಸರಿನಿಂದ ತೆಗೆದುಕೊಂಡರು.

ಈಗ ನಿಧಾನವಾಗಿ ಬಿಡಿಸೋಣ.

ಹೆಸರಿನಲ್ಲಿ ಎರಡು ತುಂಡುಗಳಿವೆ, ‘ಥ್ಯಾಕ್’ ಮತ್ತು ‘ರೇ’. ಎರಡೂ ಹಳೆಯ ನಾರ್ಸ್ ಭಾಷೆಯವು. ನಾರ್ವೆ, ಡೆನ್ಮಾರ್ಕ್ ಕಡೆಯಿಂದ ಹಡಗಿನಲ್ಲಿ ಬಂದ ವೈಕಿಂಗರು ಆಡುತ್ತಿದ್ದ ಭಾಷೆ ಅದು. ವೈಕಿಂಗರೆಂದರೆ ದೋಚಿಕೊಂಡು ಹೋದವರು ಅಂತ ಮಾತ್ರ ನಾವು ಓದಿರುತ್ತೇವೆ, ಅಲ್ವಾ? ಉತ್ತರ ಇಂಗ್ಲೆಂಡಿನಲ್ಲಿ ಅವರು ನೆಲೆ ನಿಂತರು. 876ರಲ್ಲಿ ಹಾಲ್ಫ್‌ಡಾನ್ ಎಂಬ ನಾಯಕ ಅಲ್ಲಿನ ಭೂಮಿಯನ್ನು ತನ್ನವರಿಗೆ ಹಂಚಿಕೊಟ್ಟ, ಅವರು ಉಳುಮೆಗೆ ಇಳಿದರು ಅಂತ ಆಂಗ್ಲೋ ಸ್ಯಾಕ್ಸನರ ವಾರ್ಷಿಕ ದಾಖಲೆಯಲ್ಲೇ ಇದೆ. ಹೊಲ ಮಾಡಿದವರು ಹೊಲಕ್ಕೆ ಹೆಸರೂ ಇಡುತ್ತಾರೆ. ಯಾರ್ಕ್‌ಶೈರಿನ ಗುಡ್ಡ, ಹಳ್ಳ, ತೋಪು, ಬಯಲುಗಳ ಹೆಸರುಗಳಲ್ಲಿ ಇವತ್ತಿಗೂ ನಾರ್ಸ್ ಪದಗಳು ತುಂಬಿಕೊಂಡಿವೆ.

ಮೊದಲ ತುಂಡಿನ ನಾರ್ಸ್ ರೂಪ ‘ಥಾಕ್’. ಹಾಗೆಂದರೆ ಮನೆಯ ಹೊದಿಕೆ, ಅದಕ್ಕೆ ಬಳಸುವ ಹುಲ್ಲು, ಜೊಂಡು. ದಕ್ಷಿಣ ಇಂಗ್ಲೆಂಡಿನವರು ಇದನ್ನೇ ‘ಥ್ಯಾಚ್’ ಎನ್ನುತ್ತಾರೆ. ಉತ್ತರದ ಹಳ್ಳಿಗರ ಬಾಯಲ್ಲಿ ಅದು ‘ಥ್ಯಾಕ್’ ಆಗಿಯೇ ಉಳಿಯಿತು. ಉತ್ತರದಲ್ಲಿ ಕಕಾರ, ದಕ್ಷಿಣದಲ್ಲಿ ಚಕಾರ. ಇಂಥದ್ದು ನಮಗೆ ಹೊಸದೇನಲ್ಲ. ನಮ್ಮ ಕಿವಿ ತಮಿಳರಿಗೆ ಚೆವಿ, ನಮ್ಮ ಕೆರೆ ತೆಲುಗರಿಗೆ ಚೆರುವು. ನಾವು ಕಕಾರ ಉಳಿಸಿಕೊಂಡವರು, ಯಾರ್ಕ್‌ಶೈರಿನವರೂ ಹಾಗೆಯೇ.

ಎರಡನೆಯ ತುಂಡು ‘ರೇ’, ಅದರ ನಾರ್ಸ್ ರೂಪ ‘ವ್ರಾ’. ಅಂದರೆ ಮೂಲೆ, ಸಂದಿ, ಒಂದು ಕಡೆ ಸರಿದ ಜಾಗ. ಡೇನಿಶ್ ಮತ್ತು ಸ್ವೀಡಿಶ್ ಭಾಷೆಗಳಲ್ಲಿ ಈ ಪದ ಇನ್ನೂ ಇದೆ. ಉತ್ತರ ಇಂಗ್ಲೆಂಡಿನಲ್ಲಿ ‘ರೇ’ ಎಂಬ ಹಳ್ಳಿಗಳಿವೆ, ರೇ ಮತ್ತು ರೋ ಎಂಬ ಅಡ್ಡಹೆಸರುಗಳಿವೆ, ಡಾಕ್ರೇ ಎಂಬ ಹೆಸರೂ ಇದೆ. ಎಲ್ಲದರ ಕೊನೆಯಲ್ಲೂ ಇದೇ ‘ಮೂಲೆ’ ಕೂತಿದೆ. ಶುರುವಿನ ವಕಾರ ಮಾತಿನಲ್ಲಿ ಬಿದ್ದುಹೋಗಿದೆ, ಬರಹದಲ್ಲಿ ಮಾತ್ರ ಕೆಲವು ಕಡೆ ಉಳಿದಿದೆ. ಥ್ಯಾಕ್ರೇ ಹೆಸರನ್ನು ಇವತ್ತಿಗೂ ಆ ‘ಡಬ್ಲ್ಯೂ’ ಸೇರಿಸಿ ಬರೆಯುವ ಮನೆಗಳಿವೆ. ಮೂಲ ಹುಡುಕುವವರಿಗೆ ಆ ಒಂದು ಅಕ್ಷರ ದೊಡ್ಡ ಸಾಕ್ಷಿ. ಉಚ್ಚಾರದಲ್ಲಿ ಇಲ್ಲದ ಅಕ್ಷರವನ್ನು ಯಾರೂ ಸುಮ್ನೆ ಹೊತ್ತುಕೊಂಡು ತಿರುಗುವುದಿಲ್ಲ.

ನಡುವಿನ ‘ಎ’ಕಾರ ಮಾತ್ರ ಆಮೇಲೆ ಸೇರಿದ್ದು. ಥ್ಯಾಕ್ರೇ ಎಂಬಲ್ಲಿ ಒತ್ತಕ್ಷರ ಬಿಡಿಸಿ, ನಡುವೆ ಒಂದು ಸಣ್ಣ ಸ್ವರ ತಂದು ಥ್ಯಾಕರೆ ಮಾಡಿಕೊಂಡರು. ನಾವು ಚಂದ್ರನನ್ನು ಚಂದಿರ ಮಾಡಿಕೊಂಡ ಹಾಗೆ. ಥ್ಯಾಕ್ರೇ, ಥ್ಯಾಕ್ರಾ, ಥ್ಯಾಕರೆ ಎಲ್ಲ ಒಂದೇ ಹೆಸರಿನ ಬೇರೆ ಬೇರೆ ಬರಹಗಳು. ಲೀಡ್ಸ್ ಪಟ್ಟಣದ ಸುತ್ತಮುತ್ತ ‘ಥ್ಯಾಕ್ರೇ’ ಜಾಸ್ತಿ. ಕೆಲಸದಿಂದ ಬರುವ ಕಾಯಿಲೆಗಳ ಬಗ್ಗೆ 1831ರಲ್ಲಿ ಪುಸ್ತಕ ಬರೆದ ಲೀಡ್ಸಿನ ವೈದ್ಯ ಚಾರ್ಲ್ಸ್ ಟರ್ನರ್ ಥ್ಯಾಕ್ರಾ ಇದೇ ಹೆಸರಿನವನು. ನಮಗೆ ಗೊತ್ತಿರುವ ‘ಥ್ಯಾಕರೆ’ ಎಂಬ ಬರಹ ಅಲ್ಲೇ ಅಪರೂಪದ್ದು.

ಜೊಂಡು ಬೆಳೆಯುವ ಮೂಲೆಗೆ ಅಷ್ಟೊಂದು ಬೆಲೆ ಯಾಕೆ ಅಂತ ನಿಮಗೆ ಅನ್ನಿಸಬಹುದು. ನಾನು ಹುಟ್ಟಿದ್ದು ಮಲೆನಾಡಿನ ಹುಲ್ಲಿನ ಮನೆಯಲ್ಲಿ. ಮಳೆಗಾಲಕ್ಕೆ ಮುಂಚೆ ಮನೆ ಹೊದಿಸುವ ಕೆಲಸ ಇರುತ್ತಿತ್ತು. ಅಂಗಳದಲ್ಲಿ ಒಬ್ಬರು ಹುಲ್ಲಿನ ಸೂಡಿ ಎಸೆಯುವುದು, ಮಾಡಿನ ಮೇಲೆ ಕೂತವರು ಅದನ್ನು ಹಿಡಿದು ಕೆಳಗಿನ ಸಾಲಿನಿಂದ ಮೇಲಕ್ಕೆ ಒಂದರ ಮೇಲೊಂದು ಹಾಸುತ್ತಾ ಹೋಗುವುದು. ಮೇಲಿನ ಸಾಲು ಕೆಳಗಿನ ಸಾಲನ್ನು ಸರಿಯಾಗಿ ಮುಚ್ಚದಿದ್ದರೆ ಮೊದಲ ಮಳೆಗೇ ಅಡುಗೆಮನೆಯಲ್ಲಿ ಪಾತ್ರೆ ಇಡಬೇಕಾಗುತ್ತಿತ್ತು. ಒಳ್ಳೆಯ ಹುಲ್ಲು ಯಾವ ಗುಡ್ಡದಲ್ಲಿದೆ ಎಂಬುದು ಊರಿಗೆಲ್ಲ ಗೊತ್ತಿರುತ್ತಿತ್ತು. ಅದು ಯಾರ ಹಕ್ಕು ಎಂಬುದೂ ಗೊತ್ತಿರುತ್ತಿತ್ತು. ಆ ಜಾಗವನ್ನು ಹುಲ್ಲಿನ ಹೆಸರಿನಿಂದಲೇ ಕರೆಯುತ್ತಿದ್ದರು.

ಯಾರ್ಕ್‌ಶೈರಿನ ರೈತನ ಲೆಕ್ಕವೂ ಇದೇ. ಗಾಳಿ, ಮಳೆ, ಹಿಮ ಮೂರೂ ಇರುವ ಊರು. ನೀರಿನಲ್ಲಿ ಬೆಳೆಯುವ ಜೊಂಡಿನ ಕಡ್ಡಿ ಗಟ್ಟಿ, ಬೇಗ ಕೊಳೆಯುವುದಿಲ್ಲ. ಗೋಧಿಯ ಒಣಹುಲ್ಲಿಗಿಂತ ಎಷ್ಟೋ ಹೆಚ್ಚು ವರ್ಷ ಬಾಳುತ್ತದೆ. ಉಳುಮೆಗೆ ಬಾರದ ಕೆಸರಿನ ಮೂಲೆಯೂ ಹಾಗಾಗಿ ಆಸ್ತಿಯೇ. ‘ಅಲ್ಲಿ ಮಾಡಿನ ಹುಲ್ಲು ಸಿಗುತ್ತದೆ’ ಎಂಬ ಉಪಯೋಗದ ಮಾತೇ ಜಾಗದ ಹೆಸರಾಯಿತು. ಹೊಸನಗರದ ಕಡೆ ನಮ್ಮಲ್ಲಿ ಮೂಲೆಗದ್ದೆ ಇದೆಯಲ್ಲ, ಹೆಸರಿಟ್ಟವರ ಕಣ್ಣು ಅಂಥದ್ದೇ. ಥ್ಯಾಕರೆಯನ್ನು ಕನ್ನಡ ಮಾಡು ಅಂದರೆ ನಾನು ‘ಜೊಂಡುಮೂಲೆ’ ಎಂದೇ ಮಾಡುತ್ತೇನೆ.

ಆ ಮೂಲೆ ಎಲ್ಲಿತ್ತು ಎಂಬುದೂ ಗೊತ್ತು. ಲೀಡ್ಸ್ ಪಟ್ಟಣದ ಉತ್ತರಕ್ಕೆ ವಾಶ್‌ಬರ್ನ್ ಎಂಬ ಸಣ್ಣ ನದಿಯ ಕಣಿವೆ ಇದೆ. ಅಲ್ಲಿ ಗ್ರೇಟ್ ಟಿಂಬಲ್ ಎಂಬ ಹಳ್ಳಿಯ ಸೀಮೆಯಲ್ಲಿ ಥ್ಯಾಕ್ರೇ ಎಂಬ ಜಾಗ ಇತ್ತು. 1870ರ ದಶಕದಲ್ಲಿ ಲೀಡ್ಸಿನ ಕುಡಿಯುವ ನೀರಿಗೆಂದು ಆ ಕಣಿವೆಯಲ್ಲಿ ಫ್ಯೂಸ್ಟನ್ ಜಲಾಶಯ ಕಟ್ಟಿದರು. ಜೊಂಡಿನ ಮೂಲೆ ನೀರಿನಡಿ ಹೋಯಿತು. ಶರಾವತಿ ಕಣಿವೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರು ಮುಳುಗಿದ ಮೇಲೂ ಊರಿನ ಹೆಸರು ಜನರ ಹೆಸರಿನ ಜೊತೆ ಬದುಕಿರುತ್ತದೆ.

ಜಾಗದ ಹೆಸರು ಮನುಷ್ಯನ ಹೆಸರಾದದ್ದು ಹೇಗೆ ಎಂಬುದು ನಿಮ್ಮ ಕಡೆಯವರಿಗೆ ಬಲು ಸುಲಭವಾಗಿ ಅರ್ಥವಾಗುತ್ತದೆ. ಉತ್ತರ ಕರ್ನಾಟಕದಲ್ಲಿ ಊರಿನ ಹೆಸರೇ ಅಡ್ಡಹೆಸರು. ಆದರೆ ಒಂದು ವಿಷಯ ಗಮನಿಸಿದ್ದೀರಾ? ಕಿತ್ತೂರಿನಲ್ಲೇ ಕೂತಿರುವವನನ್ನು ಯಾರೂ ಗುರುತಿಗಾಗಿ ‘ಕಿತ್ತೂರ’ ಎಂದು ಕರೆಯುವುದಿಲ್ಲ. ಅಲ್ಲಿ ಎಲ್ಲರೂ ಕಿತ್ತೂರಿನವರೇ. ಅವನು ಹುಬ್ಬಳ್ಳಿಗೆ ಬಂದು ಅಂಗಡಿ ಹಾಕಿದಾಗ ‘ಕಿತ್ತೂರ’ ಆಗುತ್ತಾನೆ. ಅಂದರೆ ಊರಿನ ಅಡ್ಡಹೆಸರು ಹುಟ್ಟುವುದು ಊರು ಬಿಟ್ಟ ಮೇಲೆ. ಥ್ಯಾಕ್ರೇ ಎಂಬ ಮೂಲೆಯಿಂದ ಒಬ್ಬ ಎದ್ದು ಹತ್ತಿರದ ಇನ್ನೊಂದು ಹಳ್ಳಿಗೆ ಹೋಗಿ ನೆಲೆಸಿದ. ‘ಆ ಥ್ಯಾಕ್ರೇಯವನು’ ಅಂತ ಅಲ್ಲಿನವರು ಕರೆದರು. ಮೊದಮೊದಲು ಹೆಸರಿಗೂ ಊರಿಗೂ ನಡುವೆ ‘ಡಿ’ ಎಂದು ಬರೆಯುತ್ತಿದ್ದರು. ಅದು ‘ಆ ಊರಿನ’ ಎಂಬ ಅರ್ಥದ ಫ್ರೆಂಚ್ ಪದ. ಸರ್ಕಾರಿ ಬರಹದವರ ಚಾಳಿ ಅಷ್ಟೇ, ಜನರ ಮಾತಿನದ್ದಲ್ಲ. ಕಾಲ ಕಳೆದಂತೆ ಅದು ಬಿದ್ದುಹೋಯಿತು. ಉತ್ತರ ಇಂಗ್ಲೆಂಡಿನಲ್ಲಿ ಇಂಥ ಹೆಸರುಗಳು ಅಪ್ಪನಿಂದ ಮಗನಿಗೆ ಖಾಯಂ ಆಗಿ ಇಳಿಯಲು ಶುರುವಾದದ್ದು ಹೆಚ್ಚುಕಡಿಮೆ 14ನೇ ಶತಮಾನದಲ್ಲಿ. ಯಾರ್ಕ್‌ಶೈರಿನ ಹೆಸರುಗಳನ್ನು ಹುಡುಕುವವರು ಮೊದಲು ತೆರೆಯುವ ದಾಖಲೆ 1379ರ ತಲೆಗಂದಾಯದ ಪಟ್ಟಿ. ಕಂದಾಯ ಕಟ್ಟಿದವರ ಹೆಸರುಗಳು ಊರೂರಿನ ಲೆಕ್ಕದಲ್ಲಿ ಅದರಲ್ಲಿವೆ.

ಠಾಕೂರಿನ ವಾದ ಇಲ್ಲಿಗೆ ಬಿದ್ದುಹೋಯಿತು ಎಂದು ನಿಮಗೇ ಕಂಡಿರಬೇಕು. ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು 1600ರಲ್ಲಿ. ಅದಕ್ಕೆ ಶತಮಾನಗಳ ಮುಂಚೆಯೇ ಯಾರ್ಕ್‌ಶೈರಿನ ರೈತರಿಗೆ ಈ ಹೆಸರು ಅಂಟಿಯಾಗಿತ್ತು. ಠಾಕೂರ್ ಇಂಗ್ಲಿಷಿಗೆ ಹೋದಾಗ ಏನಾಯಿತು ಎಂಬುದೂ ಗೊತ್ತಿರುವ ವಿಷಯವೇ. ಬಂಗಾಳದಲ್ಲಿ ಅದು ಟ್ಯಾಗೋರ್ ಆಯಿತು. ಇಂಟರ್ನೆಟ್ಟಿನಲ್ಲಿ ಇಂಥ ಮಾತು ಬಹಳ ಓಡಾಡುತ್ತದೆ. ಎರಡು ಪದ ಒಂದೇ ತರ ಕೇಳಿಸಿದರೆ ಸಾಕು, ನಂಟು ಕಟ್ಟಿಬಿಡುತ್ತಾರೆ. ನನಗೆ ಇದು ನಿಜಕ್ಕೂ ಬೇಜಾರು. ಹಾಗೆ ಕಟ್ಟಿದ ನಂಟಿನ ಹಿಂದೆ ನಿಜವಾದ ನಂಟು ಮುಚ್ಚಿಹೋಗುತ್ತದೆ.

ಯಾಕೆಂದರೆ ಈ ಹೆಸರಿಗೆ ನಮ್ಮ ಮಾತಿನ ಜೊತೆ ಒಂದು ನಿಜವಾದ ನಂಟು ಇದೆ. ಅದು ಠಾಕೂರಿಗಿಂತ ಬಹಳ ಹಳೆಯದು.

ಇಂಗ್ಲಿಷ್, ನಾರ್ಸ್, ಜರ್ಮನ್, ಲ್ಯಾಟಿನ್, ಸಂಸ್ಕೃತ ಎಲ್ಲ ಒಂದೇ ತಾಯಿಬೇರಿನವು ಎಂದು ಕೇಳಿರುತ್ತೀರಿ. ಕನ್ನಡ ಬೇರೆ ಕುಟುಂಬದ್ದು, ಆದರೆ ಸಂಸ್ಕೃತದಿಂದ ಬೇಕಾದಷ್ಟು ತಂದುಕೊಂಡಿದೆ. ಆ ತಾಯಿಬೇರಿನಲ್ಲಿ ‘ಮುಚ್ಚು, ಹೊದಿಸು’ ಎಂಬ ಅರ್ಥದ ಒಂದು ಧಾತು ಇತ್ತು, ‘ತೆಗ್’ ಎಂದಿಟ್ಟುಕೊಳ್ಳಿ. ಶುರುವಿನಲ್ಲಿ ಸಕಾರ ಸೇರಿ ‘ಸ್ತೆಗ್’ ಎಂದೂ ಇತ್ತು. ಇಂಗ್ಲಿಷ್, ನಾರ್ಸ್ ಕಡೆಯ ಭಾಷೆಗಳಲ್ಲಿ ಹಳೆಯ ತಕಾರ ‘ಥ’ ಆಗುತ್ತದೆ, ಹಳೆಯ ಗಕಾರ ‘ಕ’ ಆಗುತ್ತದೆ. ಇದು ಒಂದೆರಡು ಪದದಲ್ಲಿ ಆದದ್ದಲ್ಲ, ಸಾಲುಸಾಲಾಗಿ ಆದದ್ದು. ಸಂಸ್ಕೃತದ ತ್ರಿ ಇಂಗ್ಲಿಷಿನಲ್ಲಿ ‘ಥ್ರೀ’. ತೃಣ ಎಂದರೆ ಹುಲ್ಲು, ಅದರ ಜೊತೆಯ ಇಂಗ್ಲಿಷ್ ಪದ ‘ಥಾರ್ನ್’, ಮುಳ್ಳು. ಯುಗ ಎಂಬ ಪದಕ್ಕೆ ನೊಗ ಎಂಬ ಅರ್ಥವಿದೆ, ಇಂಗ್ಲಿಷಿನಲ್ಲಿ ಅದು ‘ಯೋಕ್’. ಅದೇ ದಾರಿಯಲ್ಲಿ ‘ತೆಗ್’ ಎಂಬುದು ‘ಥಾಕ್’ ಆಯಿತು. ಜರ್ಮನರ ಮನೆಯ ಮಾಡು ‘ಡಾಖ್’. ಲ್ಯಾಟಿನ್ನಿನಲ್ಲಿ ಹೊದ್ದುಕೊಳ್ಳುವ ಬಟ್ಟೆ ‘ಟೋಗಾ’. ಇಂಗ್ಲಿಷಿನ ‘ಟೈಲ್’ ಎಂಬ ಹೆಂಚೂ ಇದೇ ಬೇರಿನದು.

ಇನ್ನು ಸಂಸ್ಕೃತದಲ್ಲಿ? ಅಲ್ಲಿ ‘ಸ್ಥಗ್’. ಮುಚ್ಚು, ಮರೆಮಾಡು ಎಂದು ಅರ್ಥ. ನಾವು ದಿನಾ ಹೇಳುವ ‘ಸ್ಥಗಿತ’ ಇದರಿಂದ ಬಂದದ್ದು. ‘ವಿದ್ಯುತ್ ಪೂರೈಕೆ ಸ್ಥಗಿತ’ ಅಂತ ಪೇಪರಿನಲ್ಲಿ ಓದುವಾಗ ನಿಂತುಹೋದದ್ದು ಎಂದಷ್ಟೇ ಅಂದುಕೊಳ್ಳುತ್ತೇವೆ. ಮೂಲದಲ್ಲಿ ಅದು ಮುಚ್ಚಿದ್ದು. ನಿಜವನ್ನು ಮುಚ್ಚಿಡುವವನು ‘ಸ್ಥಗ’. ಆ ಪದ ಪ್ರಾಕೃತದ ದಾರಿಯಲ್ಲಿ ಸವೆದು ಹಿಂದಿಯಲ್ಲಿ ‘ಠಗ್’ ಆಯಿತು, ನಮ್ಮಲ್ಲಿ ‘ಠಕ್ಕ’ ಆಯಿತು. ಹಿಂದಿಯ ಠಗ್ ಹಡಗು ಹತ್ತಿ ಇಂಗ್ಲಿಷಿಗೂ ಹೋಗಿ ‘ಥಗ್’ ಆಗಿ ಕೂತಿದೆ. ಹೀಗೆ ಒಂದೇ ಬೇರಿನಿಂದ ಯಾರ್ಕ್‌ಶೈರಿನ ಮಾಡಿನ ಹುಲ್ಲು, ರೋಮಿನವರ ಹೊದಿಕೆ, ನಮ್ಮ ಪೇಪರಿನ ಸ್ಥಗಿತ, ಅಜ್ಜಿಯ ಕಥೆಯ ಠಕ್ಕ ಎಲ್ಲ ಹುಟ್ಟಿದವು. ಎಷ್ಟು ವರ್ಷ ಪಾಠ ಮಾಡಿದರೂ ಇಲ್ಲಿಗೆ ಬಂದಾಗ ನನಗೆ ಮೈ ಜುಮ್ಮೆನ್ನುತ್ತದೆ. ಆದರೆ ಒಂದು ಎಚ್ಚರಿಕೆ ಇರಲಿ. ಬೇರು ಒಂದೇ ಎಂದರೆ ಅರ್ಥ ಒಂದೇ ಎಂದಲ್ಲ. ಥ್ಯಾಕರೆ ಎಂದರೆ ಠಕ್ಕ ಅಂತ ಯಾರಾದರೂ ಹೇಳಿದರೆ ಅದು ತಪ್ಪು.

ಈಗ ಕಿತ್ತೂರಿಗೆ ಬರೋಣ. ಜಲಾಶಯದಲ್ಲಿ ಮುಳುಗಿದ ಆ ಮೂಲೆಯಿಂದ ಸುಮಾರು ಹತ್ತು ಕಿಲೋಮೀಟರು ದೂರದಲ್ಲಿ ಹ್ಯಾಂಪ್ಸ್‌ಥ್ವೇಟ್ ಎಂಬ ಹಳ್ಳಿ ಇದೆ. ಅಲ್ಲಿನ ಥ್ಯಾಕರೆ ಮನೆಯಲ್ಲಿ 1693ರಲ್ಲಿ ಥಾಮಸ್ ಹುಟ್ಟಿದ. ಓದಿ ಮುಂದೆ ಬಂದು 1746ರಲ್ಲಿ ಹ್ಯಾರೋ ಶಾಲೆಯ ಮುಖ್ಯೋಪಾಧ್ಯಾಯನಾದ. ಅವನ ಮಗ ವಿಲಿಯಂ ಮೇಕ್‌ಪೀಸ್ ಥ್ಯಾಕರೆ ಕಂಪನಿಯ ಕೆಲಸಕ್ಕೆ ಬಂಗಾಳಕ್ಕೆ ಬಂದ. ಸಿಲ್ಹೆಟ್ಟಿನಲ್ಲಿ ಆನೆ ಹಿಡಿಸಿ ಮಾರಿ ಹಣ ಮಾಡಿಕೊಂಡು ಊರಿಗೆ ಹೋದ. ಅವನ ಗಂಡುಮಕ್ಕಳಲ್ಲಿ ಹೆಚ್ಚಿನವರು ಮತ್ತೆ ಭಾರತಕ್ಕೇ ಬಂದರು. ಒಬ್ಬ ಮಗ ರಿಚ್‌ಮಂಡ್ ಕಲ್ಕತ್ತೆಯಲ್ಲಿ ಅಧಿಕಾರಿಯಾಗಿದ್ದ. ಅವನ ಮಗನೇ ಅಜ್ಜನ ಹೆಸರನ್ನು ಪೂರ್ತಿಯಾಗಿ ಹೊತ್ತ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆ, ಕಲ್ಕತ್ತೆಯಲ್ಲಿ 1811ರಲ್ಲಿ ಹುಟ್ಟಿದವರು. ಇನ್ನೊಬ್ಬ ಮಗ ವಿಲಿಯಂ, ಬಳ್ಳಾರಿ ಸೇರಿದಂತೆ ಕಂಪನಿಗೆ ಬಿಟ್ಟುಕೊಟ್ಟ ಜಿಲ್ಲೆಗಳಲ್ಲಿ ಥಾಮಸ್ ಮನ್ರೋನ ಕೈಕೆಳಗೆ ಕಂದಾಯದ ಕೆಲಸ ಮಾಡಿದ. ಮತ್ತೊಬ್ಬ ಮಗ ನಿಮಗೆ ಗೊತ್ತಿರುವ ಸೇಂಟ್ ಜಾನ್ ಥ್ಯಾಕರೆ. ಇಂಗ್ಲಿಷರು ಇದನ್ನು ವ್ಯಕ್ತಿಯ ಹೆಸರಾಗಿ ಇಟ್ಟಾಗ ‘ಸಿಂಜನ್’ ಎಂದು ಉಚ್ಚರಿಸುತ್ತಾರೆ. ನಮ್ಮ ಪಾಠಪುಸ್ತಕದಲ್ಲಿ ಅಕ್ಷರ ಇದ್ದ ಹಾಗೆ ಬರೆದಿದ್ದೇವೆ, ಪರವಾಗಿಲ್ಲ.

1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ದತ್ತು ತೆಗೆದುಕೊಂಡದ್ದನ್ನು ಧಾರವಾಡದ ಕಲೆಕ್ಟರಾಗಿದ್ದ ಸೇಂಟ್ ಜಾನ್ ಒಪ್ಪಲಿಲ್ಲ. ಖಜಾನೆಗೆ ಮುದ್ರೆ ಹಾಕಿಸಿದ, ಕೋಟೆಗೆ ಪಡೆ ತಂದ. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆಯಿತು, ಚೆನ್ನಮ್ಮನ ಸೈನ್ಯ ಹೊರಗೆ ನುಗ್ಗಿತು. ಥ್ಯಾಕರೆ ಅಲ್ಲೇ ಬಿದ್ದ. ಹೊಡೆದವನು ಅಮಟೂರು ಬಾಳಪ್ಪ ಎಂದು ನಿಮ್ಮ ಕಡೆಯ ಲಾವಣಿಗಳೆಲ್ಲ ಹಾಡುತ್ತವೆ. ಕಾದಂಬರಿಕಾರರಿಗೆ ಆಗ ಹದಿಮೂರು ವರ್ಷ, ಇಂಗ್ಲೆಂಡಿನಲ್ಲಿ ಶಾಲೆಯ ಹುಡುಗ. ಕಿತ್ತೂರಿನಲ್ಲಿ ಸತ್ತವನು ಅವರ ಸ್ವಂತ ಚಿಕ್ಕಪ್ಪ. ಆ ದಿನ ಕಿತ್ತೂರಿನಲ್ಲಿ ಸೆರೆ ಸಿಕ್ಕ ಇಬ್ಬರು ಕಿರಿಯ ಅಧಿಕಾರಿಗಳಲ್ಲಿ ಒಬ್ಬ ವಾಲ್ಟರ್ ಎಲಿಯಟ್. ಆತ ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿ ಮಾಡಿಸಿ ಇಟ್ಟ. ಶಾಸನ ಓದುವ ನಮ್ಮಂಥವರಿಗೆ ಅದು ದೊಡ್ಡ ಉಪಕಾರ. ಸೆರೆಯಾಳುಗಳಿಗೆ ಕಿತ್ತೂರಿನವರು ಕೇಡು ಮಾಡಲಿಲ್ಲ ಎಂಬುದನ್ನೂ ಇಲ್ಲೇ ನೆನೆಯಬೇಕು.

ಸೇಂಟ್ ಜಾನ್‌ನ ಸ್ಮಾರಕ ಧಾರವಾಡದಲ್ಲಿದೆ. ಕೆಲವು ವರ್ಷಗಳ ಹಿಂದೆ ಹೋಗಿ ನೋಡಿದ್ದೆ. ಆ ಕಲ್ಲಿನ ಮುಂದೆ ನಿಂತು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದಿದಾಗ ನನ್ನ ಕಣ್ಣಿಗೆ ಬಂದದ್ದು ಯುದ್ಧ ಅಲ್ಲ. ಒಂದು ಕೆಸರಿನ ಮೂಲೆ, ಅಲ್ಲಿ ಜೊಂಡು ಕೊಯ್ದು ತಲೆಹೊರೆ ಹೊತ್ತು ಹೋಗುವ ಯಾರೋ ಹೆಸರಿಲ್ಲದ ರೈತರು. ಅವರ ಹೆಸರು ಇಷ್ಟು ದೂರ ಬಂದು ನಮ್ಮ ಕಪ್ಪುಮಣ್ಣಿನಲ್ಲಿ ನಿಂತಿದೆ.

ಇನ್ನು ಮುಂಬೈನ ಮನೆತನ. ಬಾಳ ಠಾಕರೆಯವರ ತಂದೆ ಕೇಶವ ಸೀತಾರಾಮ ಠಾಕರೆ, 1885ರಲ್ಲಿ ಹುಟ್ಟಿದವರು. ತಾವು ನಡೆಸಿದ ‘ಪ್ರಬೋಧನ’ ಪತ್ರಿಕೆಯಿಂದಾಗಿ ಪ್ರಬೋಧನಕಾರ ಎಂದು ಹೆಸರಾದರು. ಜಾತಿ ಪದ್ಧತಿ, ವರದಕ್ಷಿಣೆ, ಬಾಲ್ಯವಿವಾಹಗಳ ವಿರುದ್ಧ ಗಟ್ಟಿಯಾಗಿ ಬರೆದವರು. ಗಡಿ ವಿಚಾರದಲ್ಲಿ ಈ ಮನೆತನದ ಜೊತೆ ನಮಗೆ ಜಗಳ ಇದೆ, ಆದರೆ ಆ ಬರಹದ ಬೆಲೆ ಬೇರೆ. ಅವರಿಗೆ ಕಾದಂಬರಿಕಾರ ಥ್ಯಾಕರೆ ಎಂದರೆ ಬಹಳ ಮೆಚ್ಚುಗೆ. ಆ ಪ್ರೀತಿಗೆ ತಮ್ಮ ಮರಾಠಿ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಅದೇ ಸ್ಪೆಲಿಂಗ್ ಹಾಕಿಕೊಂಡರು. ಮರಾಠಿಯಲ್ಲಿ ಹೆಸರು ಹಾಗೇ ಉಳಿಯಿತು.

ಎರಡು ಹೆಸರು ಬೇರೆ ಎಂಬುದಕ್ಕೆ ನಿಮ್ಮ ನಾಲಿಗೆಯೇ ಸಾಕ್ಷಿ. ‘ಠಾಕರೆ’ ಎನ್ನಿ. ನಾಲಿಗೆಯ ತುದಿ ಮೇಲಕ್ಕೆ ಮಡಚಿ ಅಂಗುಳಕ್ಕೆ ತಾಗುತ್ತದೆ, ‘ಠಾ’ ದೀರ್ಘವಾಗಿ ಬರುತ್ತದೆ. ಈಗ ಇಂಗ್ಲಿಷರ ಹಾಗೆ ‘ಥ್ಯಾಂಕ್ಸ್’ ಎನ್ನುವಂತೆ ಶುರು ಮಾಡಿ. ನಾಲಿಗೆ ಹಲ್ಲಿನ ತುದಿಗೆ ಬಂದು ಗಾಳಿ ಸುಮ್ಮನೆ ಜಾರುತ್ತದೆ. ಇಂಗ್ಲಿಷ್ ಲಿಪಿಯಲ್ಲಿ ಈ ಎರಡು ಸದ್ದಿಗೂ ಒಂದೇ ಜೋಡಿ ಅಕ್ಷರ. ಹಾಗಾಗಿ ಈ ಗೊಂದಲ ಹುಟ್ಟಿದ್ದೇ ಆ ಲಿಪಿಯಲ್ಲಿ. ಕನ್ನಡದಲ್ಲಿ ಬರೆಯುವಾಗ ನಮಗೆ ಅದು ಬೇಕಿಲ್ಲ. ಕಿತ್ತೂರಿನಲ್ಲಿ ಬಿದ್ದವನನ್ನೂ ಅವನ ಅಣ್ಣನ ಮಗ ಕಾದಂಬರಿಕಾರರನ್ನೂ ಥ್ಯಾಕರೆ ಎಂದು ಬರೆಯಿರಿ, ಮುಂಬೈನವರನ್ನು ಠಾಕರೆ ಎಂದು ಬರೆಯಿರಿ.